ಜೀಬ್ರಾಮೀನಿನ ಮರಿಗೆ ಕೇಳಿಸುವುದೆಷ್ಟು? ವೆಬರ್ ಮೂಳೆಸಾಲು ಮತ್ತು ಶ್ರವಣದ ಬೆಳವಣಿಗೆ

ಮೀನಿಗೆ ಕಿವಿ ಕೇಳಿಸುತ್ತದೆ ಎಂಬುದು ಈಗ ವಾದಕ್ಕುಳಿದ ವಿಷಯವಲ್ಲ. ಸಿಳ್ಳೆ ಹಾಕಿದರೆ ಬರುವ ಕ್ಯಾಟ್‌ಫಿಶ್ ಒಂದನ್ನು ಕುರಿತು ಕಾರ್ಲ್ ಫಾನ್ ಫ್ರಿಶ್ 1923ರಲ್ಲೇ ಬರೆದರು. ಅದಕ್ಕೂ ನೂರು ವರ್ಷ ಹಿಂದೆ, 1820ರಲ್ಲಿ, ಎರ್ನ್ಸ್ಟ್ ಹೈನ್ರಿಕ್ ವೆಬರ್ ಗೆಂಡೆ ಮತ್ತು ಕ್ಯಾಟ್‌ಫಿಶ್ ಬಳಗದಲ್ಲಿ ಗಾಳಿಚೀಲದಿಂದ ಒಳಗಿವಿಯವರೆಗೆ ಹಬ್ಬಿದ ಸಣ್ಣ ಮೂಳೆಗಳ ಸಾಲನ್ನು ವರ್ಣಿಸಿದ್ದರು. ನೀರಿನ ಕಣಗಳ ಚಲನೆ ಒಳಗಿವಿಯ ಸುಣ್ಣದ ಹರಳನ್ನು, ಎಂದರೆ ಓಟೋಲಿತ್ ಅನ್ನು, ನೇರವಾಗಿ ಮುಟ್ಟುತ್ತದೆ; ಶಬ್ದದ ಒತ್ತಡ ತಲುಪಬೇಕಾದರೆ ಗಾಳಿಚೀಲ ಬೇಕು, ಈ ಬಳಗದಲ್ಲಿ ಮೂಳೆಸಾಲೂ ಬೇಕು. ಇಷ್ಟರ ಮಟ್ಟಿಗೆ ಒಮ್ಮತವಿದೆ.

ಬೆಳೆಯುತ್ತ ಶ್ರವಣ ಸುಧಾರಿಸುತ್ತದೆಯೇ ಎಂಬಲ್ಲಿ ಒಂದೊಂದು ಜಾತಿ ಒಂದೊಂದು ಉತ್ತರ ಕೊಡುತ್ತದೆ. ಪಾಪರ್ 1971ರಲ್ಲಿ ಸಣ್ಣ ಮತ್ತು ದೊಡ್ಡ ಗೋಲ್ಡ್‌ಫಿಶ್‌ಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಕೆನ್ಯನ್ 1996ರಲ್ಲಿ ಡ್ಯಾಮ್ಸೆಲ್‌ಮೀನುಗಳು ಬೆಳೆದಂತೆ ಹೆಚ್ಚು ಸೂಕ್ಷ್ಮವಾಗಿ ಕೇಳುವುದನ್ನು ಕಂಡರು. ವಿಸೋಕಿ ಮತ್ತು ಲಾಡಿಚ್ 2001ರಲ್ಲಿ ಕರಕರ ಸದ್ದು ಮಾಡುವ ಗೊರಾಮಿಯಲ್ಲಿ ಮೊದಲು ಶ್ರವಣ, ಆಮೇಲೆ ಸದ್ದು, ಕೊನೆಗೆ ಸದ್ದಿನ ಮೂಲಕ ಸಂವಹನ ಎಂಬ ಕ್ರಮವನ್ನು ತೋರಿಸಿದರು.

ಬಿಕ್ಕಟ್ಟಿರುವುದು ಜೀಬ್ರಾಮೀನಿನಲ್ಲಿ. ಇದು ನಮ್ಮ ಉಪಖಂಡದ್ದೇ ಮೀನು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, 1822ರಲ್ಲಿ ಗಂಗಾ ಬಯಲಿನ ಮೀನುಗಳ ಜತೆ ಇದನ್ನೂ ವರ್ಣಿಸಿದ. ಹಿಗ್ಸ್ ಮತ್ತು ಸಂಗಡಿಗರು 2003ರಲ್ಲಿ ಈ ಮೀನಿನ ಮಿದುಳಿನ ವಿದ್ಯುತ್ ಪ್ರತಿಕ್ರಿಯೆಗಳನ್ನು ಅಳೆದರು. 10 ಮಿಲಿಮೀಟರ್ ಉದ್ದದ ಮೀನು ಕೇಳಬಲ್ಲ ಗರಿಷ್ಠ ಆವೃತ್ತಿ 200 ಹರ್ಟ್ಸ್. 45 ಮಿಲಿಮೀಟರಿಗೆ ಬೆಳೆದಾಗ 4,000 ಹರ್ಟ್ಸ್. ಈ ಏರಿಕೆ ವೆಬರ್ ಮೂಳೆಗಳ ಬೆಳವಣಿಗೆಯ ಜತೆಜತೆಗೇ ಸಾಗಿತ್ತು. ಎರಡೇ ವರ್ಷದಲ್ಲಿ, 2005ರಲ್ಲಿ, ಜೆಡೀಸ್ ಮತ್ತು ಫೇ ಮರಿಗಳ ಬೆಚ್ಚುವಿಕೆಯನ್ನು ಅಳತೆಗೋಲಾಗಿಸಿದರು. ಮೊಟ್ಟೆ ಫಲಿತಗೊಂಡು ಐದು ದಿನವಾದ ಮರಿಯೂ 1,200 ಹರ್ಟ್ಸ್‌ವರೆಗಿನ ಸದ್ದಿಗೆ ಬೆಚ್ಚಿತು; ವಯಸ್ಕ ಮೀನಿಗೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆ ವಯಸ್ಸಿನಲ್ಲಿ ಮೂಳೆಸಾಲು ಇನ್ನೂ ಕೂಡಿಕೊಂಡಿರುವುದಿಲ್ಲ.

ಇವೆರಡನ್ನೂ ಅಕ್ಷರಶಃ ಒಪ್ಪಿದರೆ ಐದು ದಿನದ ಮರಿಗೆ ಕೇಳಿಸಿದ್ದು ವಾರಗಳ ನಂತರ ಕೇಳಿಸದೆ ಹೋಗಿ, ಮತ್ತೆ ಕೇಳಿಸತೊಡಗಬೇಕು. ಇದನ್ನು ನಂಬುವುದು ಕಷ್ಟ. ಬೆಚ್ಚಿದ್ದು ಮೈಮೇಲಿನ ಪಾರ್ಶ್ವರೇಖೆಯ ಇಂದ್ರಿಯದಿಂದ ಎನ್ನೋಣವೆಂದರೆ, ಅದು ಗ್ರಹಿಸುವುದು ಕೆಲವು ನೂರು ಹರ್ಟ್ಸ್‌ಗಳೊಳಗಿನ ಕಂಪನವನ್ನು. 1,200ರ ಸದ್ದು ಅದರ ವ್ಯಾಪ್ತಿಯಾಚೆಗಿನದು. ಒಳಗಿವಿಯೇ ಕೇಳಿದೆ ಎನ್ನದೆ ದಾರಿಯಿಲ್ಲ.

ಹಾಗಾದರೆ 200 ಹರ್ಟ್ಸ್‌ನ ಮಿತಿ ಎಲ್ಲಿಂದ ಬಂತು? ಮೂಳೆಸಾಲು ಇಲ್ಲದ್ದರಿಂದ ಎಂಬುದು ರೂಢಿಯ ಉತ್ತರ. ಇದಕ್ಕೆ ಅಡ್ಡ ಬರುವ ಸಾಕ್ಷ್ಯ ಆಫ್ರಿಕಾದ ಲೋಫಿಯೋಬ್ಯಾಗ್ರಸ್ ಎಂಬ ಕ್ಯಾಟ್‌ಫಿಶ್‌ನಲ್ಲಿದೆ. ಲೆಕ್ನರ್ ಮತ್ತು ಸಂಗಡಿಗರು 2011ರಲ್ಲಿ ಈ ಜಾತಿಯ ಮೂಳೆಗಳ ಬೆಳವಣಿಗೆಯನ್ನೂ ಶ್ರವಣವನ್ನೂ ಒಟ್ಟಿಗೆ ಪರೀಕ್ಷಿಸಿದರು. ಒಂದು ಸೆಂಟಿಮೀಟರಿಗಿಂತ ತುಸು ಉದ್ದದ ಮರಿಗಳಲ್ಲಿ ಮೂಳೆಗಳು ಪೂರ್ತಿ ಬೆಳೆದಿರಲಿಲ್ಲ, ಅವನ್ನು ಬೆಸೆಯುವ ತಂತುವೂ ಇರಲಿಲ್ಲ. ಆದರೂ ಅವುಗಳ ಶ್ರವಣ ನಿಂತದ್ದು 2,000–3,000 ಹರ್ಟ್ಸ್‌ನಲ್ಲಿ. ಮೀನಿನ ಗಾತ್ರ ಹೆಚ್ಚುಕಡಿಮೆ ಅದೇ, ಅಳತೆಯ ವಿಧಾನವೂ ವಿದ್ಯುತ್ ಪ್ರತಿಕ್ರಿಯೆಯೇ, ಮೂಳೆಸಾಲಿನ ಕೊರತೆಯೂ ಅದೇ. ಮಿತಿ ಮಾತ್ರ ಹತ್ತುಪಟ್ಟು ಮೇಲೆ.

ಆದ್ದರಿಂದ ನನ್ನ ವಾದ ಹೀಗಿದೆ: ವೆಬರ್ ಮೂಳೆಸಾಲು ಶ್ರವಣವನ್ನು ಆರಂಭಿಸುವುದಿಲ್ಲ, ಇರುವ ಶ್ರವಣವನ್ನು ಮೇಲಿನ ಆವೃತ್ತಿಗಳಿಗೆ ವಿಸ್ತರಿಸುತ್ತದೆ. 200 ಹರ್ಟ್ಸ್ ಎಂಬುದನ್ನು ಮರಿಯ ಕಿವಿಯ ಮಿತಿ ಎಂದು ಓದಬಾರದು. ಬಹುಶಃ ಅದು ಆ ಪ್ರಯೋಗದಲ್ಲಿ ಒತ್ತಡ ಮತ್ತು ಕಣಚಲನೆ ಯಾವ ಪ್ರಮಾಣದಲ್ಲಿ ಮೀನನ್ನು ಮುಟ್ಟಿದವು ಎಂಬುದರ ಫಲ. ಸಣ್ಣ ತೊಟ್ಟಿಯಲ್ಲಿ ಇವೆರಡರ ಅನುಪಾತ ತೆರೆದ ನೀರಿನಲ್ಲಿದ್ದಂತೆ ಇರುವುದಿಲ್ಲ. ಒತ್ತಡವೊಂದನ್ನೇ ಅಳೆದರೆ ಕಣಚಲನೆ ಎಷ್ಟಿತ್ತೆಂದು ಗೊತ್ತಾಗುವುದಿಲ್ಲ. ಮೂಳೆಸಾಲು ಶ್ರವಣವನ್ನು ವಿಸ್ತರಿಸುತ್ತದೆ ಎಂಬ ಮಾತಿಗೆ ಗೋಲ್ಡ್‌ಫಿಶ್‌ನ ಫಲಿತಾಂಶವೂ ಹೊಂದುತ್ತದೆ, ಏಕೆಂದರೆ ಪಾಪರ್ ಪರೀಕ್ಷಿಸಿದ ಸಣ್ಣ ಮೀನುಗಳು ಸುಮಾರು ನಾಲ್ಕೂವರೆ ಸೆಂಟಿಮೀಟರಿನವು. ಅಷ್ಟು ಹೊತ್ತಿಗೆ ಮೂಳೆಸಾಲು ಸಿದ್ಧವಾಗಿರುತ್ತದೆ.

ಈ ವಾದಕ್ಕೆ ಗಡಿಗಳಿವೆ. ಬೆಚ್ಚಿಸಲು ಜೋರಾದ ಸದ್ದು ಬೇಕು. ಬೆಚ್ಚುವ ಮಟ್ಟ ಬದಲಾಗದಿದ್ದರೆ ಅತಿ ಮೆಲ್ಲನೆಯ ಸದ್ದನ್ನು ಕೇಳುವ ಶಕ್ತಿಯೂ ಬದಲಾಗಿಲ್ಲ ಎಂದಾಗದು. ಕ್ಯಾಟ್‌ಫಿಶ್ ಮತ್ತು ಜೀಬ್ರಾಮೀನು ಬೇರೆ ಬೇರೆ ಗಣದವು, ಒಂದರ ಅಳತೆಯನ್ನು ಇನ್ನೊಂದಕ್ಕೆ ಹೊರಿಸುವಾಗ ಎಚ್ಚರ ಬೇಕು. ಇನ್ನೂ ತೊಡಕಿನದು 2010ರಲ್ಲಿ ಸೈನೋಡಾಂಟಿಸ್ ಎಂಬ ಕ್ಯಾಟ್‌ಫಿಶ್‌ನಲ್ಲಿ ಕಂಡದ್ದು: ಬೆಳೆದಂತೆ ಕೆಳ ಆವೃತ್ತಿಗಳಲ್ಲಿ ಸೂಕ್ಷ್ಮತೆ ಹೆಚ್ಚಿತು, ಆದರೆ 5,000–6,000 ಹರ್ಟ್ಸ್‌ನಲ್ಲಿ ಅತಿ ಸಣ್ಣ ಮೀನುಗಳೇ ಚೆನ್ನಾಗಿ ಕೇಳಿದವು. ಮೂಳೆಸಾಲೊಂದರಿಂದಲೇ ಇದನ್ನು ವಿವರಿಸಲಾಗದು. ಗಾಳಿಚೀಲ ಚಿಕ್ಕದಿದ್ದಷ್ಟೂ ಅದರ ಅನುರಣನದ ಆವೃತ್ತಿ ಮೇಲಿರುತ್ತದೆ, ಕಾರಣ ಅಲ್ಲಿರಬಹುದು.

ಒಂದೇ ತಂಡದ ಮರಿಗಳನ್ನು ಮೂಳೆಗಳು ಕೂಡುವ ಮೊದಲೂ ಆಮೇಲೂ, ಒತ್ತಡ ಮತ್ತು ಕಣಚಲನೆಗಳನ್ನು ಬೇರೆಬೇರೆಯಾಗಿ ಅಳೆದು, ವಿದ್ಯುತ್ ಪ್ರತಿಕ್ರಿಯೆ ಮತ್ತು ಬೆಚ್ಚುವಿಕೆ ಎಂಬ ಎರಡೂ ವಿಧಾನಗಳಿಂದ ಪರೀಕ್ಷಿಸಿದರೆ ಮೇಲಿನ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ನಮ್ಮ ಮೀನುಮರಿ ಕೇಂದ್ರಗಳಲ್ಲಿ ಬೆಳೆಸುವ ರೋಹು, ಕಾಟ್ಲಾಗಳೂ ಇದೇ ಮೂಳೆಸಾಲಿನ ಬಳಗದವು. ಈ ಪರೀಕ್ಷೆಗೆ ಅವೂ ಒದಗುತ್ತವೆ.