ಕಲಗಚ್ಚಿನ ಬಾನಿ: ತಿಳಿ–ಗಸಿ ವಿಂಗಡಣೆಯ ಒಂದು ಜನಪದ ಚರಿತ್ರೆ

ಜನಪದ ಅಡುಗೆಯ ಚರಿತ್ರೆಯು ಬಹುಮಟ್ಟಿಗೆ ಉಣ್ಣುವ ಪದಾರ್ಥಗಳ ಚರಿತ್ರೆಯಾಗಿಯೇ ರಚನೆಗೊಂಡಿದೆ. ಉಂಡು ಮಿಕ್ಕದ್ದು, ತೊಳೆದು ಸುರಿದದ್ದು ಅದರ ಪರಿಧಿಗೆ ಬಂದಿರುವುದು ವಿರಳ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ಮಳೆಯನ್ನು ನಂಬಲಾಗದ ಈ ಬಯಲುಸೀಮೆಯಲ್ಲಿ ಪಾತ್ರೆ ತೊಳೆದ ನೀರಿನಿಂದ ಅನ್ನದಂಶವನ್ನು ಬೇರ್ಪಡಿಸಿ ಉಳಿಸಿಕೊಳ್ಳುವುದು ಬದುಕಿನ ಲೆಕ್ಕಾಚಾರದ ಭಾಗವಾಗಿತ್ತು.

ಇದಕ್ಕೆ ಭಾಷೆಯೇ ಮೊದಲ ಸಾಕ್ಷಿ. ಹಳಗನ್ನಡದ ‘ಕರ್ಚು’ ಎಂದರೆ ತೊಳೆ. ಅದೇ ‘ಕಚ್ಚು’ ಎಂದಾಯಿತು. ಅಕ್ಕಿ ತೊಳೆದ ನೀರು ‘ಅಕ್ಕಚ್ಚು’. ‘ಕಲ’ವನ್ನು, ಅಂದರೆ ಪಾತ್ರೆಯನ್ನು ತೊಳೆದ ನೀರು ‘ಕಲಗಚ್ಚು’. ಬೇಯಿಸಿದ ಬೇಳೆಕಾಳಿನಿಂದ ಬಸಿದದ್ದು ‘ಕಟ್ಟು’. ಮೇಲೆ ನಿಂತದ್ದು ‘ತಿಳಿ’, ತಳಕ್ಕಿಳಿದದ್ದು ‘ಗಸಿ’. ಬೇರ್ಪಡಿಸುವ ಪ್ರತಿ ಹಂತಕ್ಕೂ ಪ್ರತ್ಯೇಕ ಹೆಸರಿರುವುದು ಗಮನಾರ್ಹ.

ಮೊದಲ ವಿಂಗಡಣೆ ಒಲೆಯ ಬಳಿಯಲ್ಲೇ ನಡೆಯುತ್ತಿತ್ತು. ರಾಗಿಮುದ್ದೆಯ ಈ ನಾಡಿನಲ್ಲಿ ಬಸಿಯುವ ಕೆಲಸ ಹೆಚ್ಚಾಗಿ ಹುರುಳಿ, ಅವರೆ, ಅಲಸಂದೆ ಮತ್ತು ಸೊಪ್ಪುಗಳಿಗೆ ಸಂಬಂಧಿಸಿದ್ದು: ಕಾಳು ಪಲ್ಯಕ್ಕೆ, ಕಟ್ಟು ಬಸ್ಸಾರಿಗೆ. ಎರಡನೆಯದು ಕೊಟ್ಟಿಗೆಯ ಬಳಿಯ ಬಾನಿಯಲ್ಲಿ. ಪಾತ್ರೆಗೆ ಬೂದಿ ಹಚ್ಚುವ ಮುನ್ನ ಗಲಬರಿಸಿದ ನೀರು, ಅಕ್ಕಚ್ಚು, ಮುದ್ದೆಯ ತಳದ ಸೀಕು ಅದರಲ್ಲಿ ಸೇರುತ್ತಿದ್ದವು. ಕಲಕದೆ ಬಿಟ್ಟರೆ ಭಾರವಾದ ಅಗುಳು ಬೇಗನೆ, ಹಿಟ್ಟಿನ ಸಣ್ಣ ಕಣಗಳು ನಿಧಾನವಾಗಿ ಕೆಳಗಿಳಿಯುತ್ತವೆ. ತಿಳಿಯನ್ನು ಮೇಲಿಂದ ತೆಗೆದು, ಗಸಿಗೆ ತೌಡು ಇಲ್ಲವೆ ಕಡಲೆಕಾಯಿ ಹಿಂಡಿ ಬೆರೆಸಿದರೆ ಅದು ದನದ ಆಹಾರ. ಹೆಚ್ಚು ಹೊತ್ತು ಇಟ್ಟರೆ ಹುಳಿತು ಗುಳ್ಳೆಯೇಳುತ್ತದೆ. ಗುಳ್ಳೆಗಳು ತಳದ ಗಸಿಯನ್ನು ಮತ್ತೆ ಮೇಲಕ್ಕೆತ್ತುತ್ತವೆ. ಬಾನಿಯನ್ನು ದಿನದಿನವೂ ಬರಿದುಮಾಡಬೇಕಾದುದರ ಕಾರಣ ಇದೇ.

ಈ ಮಿತವ್ಯಯದ ಹಿಂದೆ ಬರದ ನೆನಪಿದೆ. ಫ್ರಾನ್ಸಿಸ್ ಬುಕನನ್ 1800ರಲ್ಲಿ ಶಿರಾ, ಮಧುಗಿರಿಗಳ ಮೂಲಕ ಸಂಚರಿಸಿ, ಈ ಸೀಮೆಯ ಬೇಸಾಯ ಮತ್ತು ದನಸಾಕಣೆಯನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದನು. 1876–78ರ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮ ಮೈಸೂರು ಸೀಮೆಯಲ್ಲಿ ಜನರನ್ನೂ ಜಾನುವಾರುಗಳನ್ನೂ ಅಪಾರ ಸಂಖ್ಯೆಯಲ್ಲಿ ಬಲಿತೆಗೆದುಕೊಂಡಿತು. ಇಂಥ ನೆಲದಲ್ಲಿ ಬಾನಿಯ ತಳದ ಒಂದು ಹಿಡಿ ಗಸಿಯೂ ಲೆಕ್ಕಕ್ಕೆ ಬರುವಂಥದ್ದು.

ಆದರೆ ಈ ಜ್ಞಾನಕ್ಕೆ ಗೌರವ ದೊರೆಯಲಿಲ್ಲ. ‘ಮುಸುರೆ’ ಎಂಬ ಪದಕ್ಕೆ ಮೈಲಿಗೆಯ ಭಾವ ಅಂಟಿಕೊಂಡಿತು. ಅದನ್ನು ಬಳಿದು, ಹೊತ್ತು, ಕಲಸುವ ಕೆಲಸ ಹೆಂಗಸರಿಗೂ ಆಳುಮಕ್ಕಳಿಗೂ ಮೀಸಲಾಯಿತು. ಮಾಡುವವರ ಸ್ಥಾನ ಕೆಳಗಿದ್ದುದರಿಂದ ಮಾಡಿದ ಕೆಲಸವೂ ಬರಹಕ್ಕೆ ಏರಲಿಲ್ಲ.

ಸಾಬೂನಿನ ಪುಡಿ ಬಂದ ಮೇಲೆ ಪಾತ್ರೆ ತೊಳೆದ ನೀರು ದನಕ್ಕೆ ಸಲ್ಲದಾಯಿತು. ಕೊಟ್ಟಿಗೆ ಬರಿದಾದ ಮನೆಗಳಲ್ಲಿ ಬಾನಿಯೂ ಉಳಿಯಲಿಲ್ಲ. ತಿಳಿ ಗಸಿಗಳೆರಡೂ ಒಟ್ಟಾಗಿ ಚರಂಡಿಗೆ ಇಳಿದವು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮೂಲದಲ್ಲೇ ಕಸ ವಿಂಗಡಿಸಬೇಕೆಂದು ವಿಧಿಸಿದವು. ಆಹಾರತ್ಯಾಜ್ಯದ ಘಟಕಗಳು ಜರಡಿ, ತಂಗುತೊಟ್ಟಿ, ಹಿಂಡುಯಂತ್ರಗಳಿಂದ ಮಾಡುವುದೂ ತತ್ತ್ವತಃ ಬಾನಿಯ ಕೆಲಸವನ್ನೇ.

ವ್ಯತ್ಯಾಸವಿರುವುದು ಉಪಕರಣದಲ್ಲಿ ಮಾತ್ರವಲ್ಲ. ಬಾನಿಯ ಆಚೆ ಗಸಿಗಾಗಿ ಕಾದು ನಿಂತ ಒಂದು ಜೀವವಿತ್ತು. ಬೇರ್ಪಡಿಸಿದ್ದನ್ನು ಪಡೆಯುವವರು ಇರುವವರೆಗೆ ಮಾತ್ರ ಬೇರ್ಪಡಿಸುವ ವಿದ್ಯೆ ಬಾಳುತ್ತದೆ ಎಂಬುದು ಈ ನಾಲ್ಕು ತಾಲ್ಲೂಕುಗಳ ಕಲಗಚ್ಚು ಹೇಳುವ ಚರಿತ್ರೆ.