ಪೂರ್ತಿ ಒಂದು ನಿಮಿಷ

ತೊಗರಿ ರಾಶಿಯ ಕಾಲ ಬಂತೆಂದರೆ ಕಲಬುರಗಿಯ ದವಾಖಾನೆಯಲ್ಲಿ ನಮಗೆ ಪುರುಸೊತ್ತಿರುತ್ತಿರಲಿಲ್ಲ. ರಾಶಿಯ ಹೊಟ್ಟು, ದಾಲ್ ಮಿಲ್ಲಿನ ದೂಳು, ಶಹಾಬಾದ್ ಕಡೆಯ ಕಲ್ಲಿನ ಪುಡಿ ಎದೆಗಿಳಿಸಿಕೊಂಡವರು ಬರುತ್ತಿದ್ದರು. "ದಮ್ಮ ಹತ್ಯಾದ್ರಿ ಸಿಸ್ಟರ್" ಎನ್ನುವಷ್ಟರಲ್ಲೇ ಎರಡು ಸಲ ನಿಂತರೆ, ಅರ್ಧ ಪರೀಕ್ಷೆ ಅಲ್ಲೇ ಮುಗಿದಂತೆ. ನಿವೃತ್ತಳಾಗಿ ಈಗ ಕೋಟನೂರಿನಲ್ಲಿರುವ ನನಗೆ ನಮ್ಮ ಕಸುಬಿನ ಚರಿತ್ರೆಯಲ್ಲಿ ದೊಡ್ಡದಾಗಿ ಕಾಣುವುದು ಉಸಿರು ಎಣಿಸುವ ಕೆಲಸವೇ.

ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಾಟ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು, ಸೆಕೆಂಡ್ ಮುಳ್ಳಿನ ಒಂದು ಪೂರ್ತಿ ಸುತ್ತು ಎದೆಯ ಏರಿಳಿತ ಎಣಿಸಬೇಕು. ದೊಡ್ಡವರಿಗೆ 12ರಿಂದ 20. ಮೂಗಿನ ಹೊಳ್ಳೆ ಅರಳುತ್ತಿದೆಯೇ, ಕತ್ತಿನ ಸ್ನಾಯು ಬಿಗಿಯುತ್ತಿದೆಯೇ, ತುಟಿ ನೀಲಿಗಟ್ಟಿದೆಯೇ ಎಂದೂ ಅದೇ ನಿಮಿಷದಲ್ಲಿ ನೋಡಬೇಕು. ನಾನು ಕಂಡ ಒಂದು ವಾರ್ಡಿನಲ್ಲಿ ಎಲ್ಲರ ಚಾರ್ಟಿನಲ್ಲೂ 20 ಎಂದೇ ಬರೆದಿರುತ್ತಿತ್ತು. ಎಣಿಸದೆ ಬರೆದ ಆ 20 ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಬೆನ್ನಿಗೆ ದಿಂಬು ಕೊಟ್ಟು ಕೂಡಿಸುವ ಭಂಗಿಗೆ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೌಲರ್ ಹೆಸರಿದೆ. 1900ರ ಸುಮಾರಿಗೆ ಅವರು ಅದನ್ನು ಹೇಳಿದ್ದು ಹೊಟ್ಟೆಯ ಕೀವು ಕೆಳಗಿಳಿಯಲೆಂದು. ಫಲ ಉಂಡವರು ದಮ್ಮಿನವರು. ಆಮೇಲೆ ಬಿಳಿ ಹೆಗಲಿನ ಕಪ್ಪು ಆಕ್ಸಿಜನ್ ಸಿಲಿಂಡರ್. ಕೀಲಿ ತಿರುಗಿಸಿ, ನೀರಿನ ಬಾಟಲಿಯಲ್ಲಿ ಗುಳ್ಳೆ ಎದ್ದದ್ದು ನೋಡಿ, ಜೊತೆಗೆ ಬಂದವರ ಜೇಬಿನ ಬೀಡಿ, ಕಡ್ಡಿಪೆಟ್ಟಿಗೆ ಹೊರಗಿಡಿಸುವುದು ನಮ್ಮ ಪಾಲಿನ ಕೆಲಸ.

1980ರ ದಶಕದಲ್ಲಿ ಪಾಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತವರ ಸಂಗಡಿಗರು, ಎಕ್ಸ್-ರೇ ಇಲ್ಲದ ಕಡೆಯೂ ಮಕ್ಕಳ ನ್ಯುಮೋನಿಯಾವನ್ನು ಉಸಿರಿನ ಎಣಿಕೆಯಿಂದ ಗುರುತಿಸಬಹುದೆಂದು ತೋರಿಸಿದರು. ವರ್ಷದೊಳಗಿನ ಕೂಸಿಗೆ 50, ಅದರ ಮೇಲೆ ಐದು ವರ್ಷದ ತನಕ 40 ಮುಟ್ಟಿದರೆ ಎಚ್ಚರ; ಎರಡು ತಿಂಗಳೂ ತುಂಬದ ಹಸುಗೂಸಿಗೆ ಮಾತ್ರ 60. ಹಳ್ಳಿಯ ಎಎನ್‌ಎಂ ಕೈಗೂ ಈ ಲೆಕ್ಕ ಬಂತು. ಎಷ್ಟು ತಾಯಂದಿರ ಪುಣ್ಯವೋ ಅದು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ತತ್ವವನ್ನು ಜಪಾನಿನ ಟಾಕುವೊ ಆಯೊಯಾಗಿ 1974ರಲ್ಲಿ ಮಂಡಿಸಿದ್ದರು. ನಮ್ಮೂರಿನ ಮನೆಮನೆಗೆ ಅದು ಬಂದದ್ದು ಕೋವಿಡ್‌ನಲ್ಲಿ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರದು ದೇಶದ ಮೊದಲ ಕೋವಿಡ್ ಸಾವು. ಆರಾಮಾಗಿ ಮಾತಾಡುತ್ತಿದ್ದವರ ರಕ್ತದಲ್ಲೂ ಆಕ್ಸಿಜನ್ ಕುಸಿದದ್ದನ್ನು ಆ ಯಂತ್ರ ಹಿಡಿದುಕೊಟ್ಟಿತು. ಅದರ ಉಪಕಾರ ದೊಡ್ಡದು. ಆದರೆ ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದು ಅದೇ ವರ್ಷ ಅಮೆರಿಕದ ಅಧ್ಯಯನವೊಂದು ಹೇಳಿತು. ಬಿಸಿಲಲ್ಲಿ ದುಡಿಯುವ ನಮ್ಮ ಜನಕ್ಕೆ ಇದು ಸಣ್ಣ ಮಾತಲ್ಲ. ಯಂತ್ರ 95 ತೋರಿಸುತ್ತಿದ್ದರೂ ಉಸಿರು 34 ಇದ್ದರೆ, ಡಾಕ್ಟರಿಗೆ ಫೋನಿನಲ್ಲಿ ಮೊದಲು 34 ಹೇಳಿ ಎಂದು ಹೊಸ ಹುಡುಗಿಯರಿಗೆ ಕಲಿಸುತ್ತಿದ್ದೆ.