ಕತ್ತರಿಸಿ ತೆರೆಯುವ ಕಿಣ್ವ: ವಂಶವಾಹಿ ನಿಯಂತ್ರಣದಲ್ಲಿ ಥೈಮಿನ್ ಡಿಎನ್ಎ ಗ್ಲೈಕೋಸಿಲೇಸ್

ಜೀವಕೋಶವಿಜ್ಞಾನದ ಪಠ್ಯಗಳಲ್ಲಿ ಡಿಎನ್ಎ ದುರಸ್ತಿಗೆ ಒಂದು ಅಧ್ಯಾಯ, ವಂಶವಾಹಿಗಳ ನಿಯಂತ್ರಣಕ್ಕೆ ಇನ್ನೊಂದು. ಮೊದಲನೆಯದು ಆಕಸ್ಮಿಕ ಹಾನಿಯನ್ನು ಸರಿಪಡಿಸುವ ವ್ಯವಸ್ಥೆಯ ಕಥೆ. ಎರಡನೆಯದು ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂದು ಕೋಶ ತೀರ್ಮಾನಿಸುವ ಬಗೆ. ಥೈಮಿನ್ ಡಿಎನ್ಎ ಗ್ಲೈಕೋಸಿಲೇಸ್, ಸಂಕ್ಷೇಪವಾಗಿ ಟಿಡಿಜಿ, ಈ ವಿಂಗಡಣೆಗೆ ಒಗ್ಗದ ಕಿಣ್ವ. ದುರಸ್ತಿಯ ಜೊತೆಗೆ ನಿಯಂತ್ರಣವೂ ಇದರ ಉಪಕಸುಬು ಎಂಬ ವಿವರಣೆ ಸಾಲದು ಎಂಬುದು ಈ ಲೇಖನದ ವಾದ. ಕೋಶವು ತನ್ನದೇ ಡಿಎನ್ಎಯ ಒಂದು ಪ್ರತ್ಯಾಮ್ಲವನ್ನು ಬೇಕೆಂದೇ ಮಾರ್ಪಡಿಸಿ, ಟಿಡಿಜಿ ಅದನ್ನು ಹಾನಿಯೆಂದು ಗುರುತಿಸಿ ತೆಗೆಯುವಂತೆ ಮಾಡುತ್ತದೆ. ಇಲ್ಲಿ ದುರಸ್ತಿಯ ಹಾದಿಯೇ ನಿಯಂತ್ರಣದ ಹಾದಿ.

ಇದಕ್ಕೆ ಹಿನ್ನೆಲೆ ಡಿಎನ್ಎಯ ಮೀಥೈಲೀಕರಣ. ಮನುಷ್ಯನ ಜೀನೋಮಿನಲ್ಲಿ ಸೈಟೋಸಿನ್‌ನ ಬೆನ್ನಿಗೇ ಗ್ವಾನಿನ್ ಬರುವ ತಾಣಗಳು ಸುಮಾರು 2.8 ಕೋಟಿ. ಬಹುತೇಕ ಕೋಶಗಳಲ್ಲಿ ಅವುಗಳ ಪೈಕಿ ಶೇಕಡ 70ರಿಂದ 80ರಷ್ಟರಲ್ಲಿ ಸೈಟೋಸಿನ್ ಮೀಥೈಲ್ ಗುಂಪನ್ನು ಹೊತ್ತಿರುತ್ತದೆ. ಕೋಶದಿಂದ ಮರಿಕೋಶಕ್ಕೆ ದಾಟುವ ಈ ಗುರುತು ವಂಶವಾಹಿಗಳನ್ನು ನಿಯಂತ್ರಿಸಬಲ್ಲದೆಂದು 1975ರಲ್ಲಿ ಆರ್ಥರ್ ರಿಗ್ಸ್ ಒಂದೆಡೆ, ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ ಇನ್ನೊಂದೆಡೆ ಸ್ವತಂತ್ರವಾಗಿ ಸೂಚಿಸಿದರು. ಆದರೆ ಈ ಗುರುತಿಗೆ ಅಪಾಯವೊಂದು ಅಂಟಿಕೊಂಡೇ ಇದೆ. ನೀರಿನೊಡನೆ ವರ್ತಿಸಿ ಅಮೈನೋ ಗುಂಪನ್ನು ಕಳೆದುಕೊಂಡ ಸಾಧಾರಣ ಸೈಟೋಸಿನ್ ಯುರಾಸಿಲ್ ಆಗುತ್ತದೆ. ಯುರಾಸಿಲ್ ಡಿಎನ್ಎಗೆ ಹೊರಗಿನದು, ಆದ್ದರಿಂದ ಅದನ್ನು ಗುರುತಿಸುವುದು ಸುಲಭ. ಅದನ್ನು ಕಿತ್ತುಹಾಕುವ ಕಿಣ್ವವನ್ನು ಥಾಮಸ್ ಲಿಂಡಾಲ್ 1974ರಲ್ಲೇ ವರದಿ ಮಾಡಿದ್ದರು. ಮೀಥೈಲ್ ಹೊತ್ತ ಸೈಟೋಸಿನ್ ಅದೇ ರೀತಿ ಕೆಟ್ಟರೆ ಹುಟ್ಟುವುದು ಥೈಮಿನ್. ಅದು ಡಿಎನ್ಎಯ ಸಹಜ ಸದಸ್ಯ. ಅದರ ತಪ್ಪು ಒಂದೇ: ಎದುರಿಗೆ ಅಡೆನಿನ್ ಇರಬೇಕಾದ ಜಾಗದಲ್ಲಿ ಗ್ವಾನಿನ್ ಕೂತಿರುತ್ತದೆ. ಇಂಥ ಹೊಂದದ ಜೋಡಿಯಿಂದ ಥೈಮಿನ್ನನ್ನೇ ಆರಿಸಿ ತೆಗೆಯುವ ಚಟುವಟಿಕೆಯನ್ನು ಯೋಸೆಫ್ ಯಿರಿಚ್ನಿ ಅವರ ತಂಡ 1980ರ ದಶಕದ ಕೊನೆಯಲ್ಲಿ ಮಾನವಕೋಶಗಳ ಸಾರದಲ್ಲಿ ಕಂಡಿತು. 410 ಅಮೈನೋ ಆಮ್ಲಗಳ ಆ ಪ್ರೋಟೀನಿನ ವಂಶವಾಹಿ 1996ರಲ್ಲಿ ಕೈಗೆ ಸಿಕ್ಕಿತು.

ಕಾವಲುಗಾರನಾಗಿ ನೋಡಿದರೆ ಟಿಡಿಜಿಯ ನಡವಳಿಕೆ ವಿಚಿತ್ರ. ಪ್ರತ್ಯಾಮ್ಲವನ್ನು ಕಿತ್ತ ಮೇಲೆ ಉಳಿಯುವ ಖಾಲಿ ತಾಣವನ್ನು ಅದು ಬಿಡುವುದೇ ಇಲ್ಲ, ಬಿಗಿಯಾಗಿ ಹಿಡಿದು ಕೂರುತ್ತದೆ. ಅದರ 330ನೆಯ ಲೈಸಿನ್‌ಗೆ ಸುಮೋ ಎಂಬ ಪುಟ್ಟ ಪ್ರೋಟೀನ್ ಅಂಟಿದಾಗ ಹಿಡಿತ ಸಡಿಲವಾಗುತ್ತದೆಂದು 2002ರಲ್ಲಿ ತೋರಿಸಲಾಯಿತು. ಹೆಚ್ಚು ಗಮನಾರ್ಹವಾದುದು ಇನ್ನೊಂದು ಸಂಗತಿ: ಕೋಶ ತನ್ನ ಡಿಎನ್ಎಯನ್ನು ನಕಲು ಮಾಡುವ ಹಂತದಲ್ಲಿ ಟಿಡಿಜಿ ನಾಶವಾಗುತ್ತದೆ. ಇದಕ್ಕೆ ಸಕಾರಣವಿದೆ. ನಕಲಿನ ವೇಳೆ ಹುಟ್ಟುವ ಗ್ವಾನಿನ್-ಥೈಮಿನ್ ಜೋಡಿಯಲ್ಲಿ ಥೈಮಿನ್ನೇ ಸರಿಯಾದದ್ದಾಗಿರಬಹುದು. ಆಗ ಅದನ್ನು ಕಿತ್ತರೆ ಉತ್ಪರಿವರ್ತನೆ ಖಾಯಂ ಆಗುತ್ತದೆ. ಅದೇನೇ ಇರಲಿ, ನಿಧಾನಗತಿಯ, ಕೆಲಸ ಮುಗಿದರೂ ಜಾಗ ಬಿಡದ, ನಕಲಿನ ಹೊತ್ತಿಗೆ ಇಲ್ಲವಾಗುವ ಈ ಕಿಣ್ವ ಬರೀ ಉತ್ಪರಿವರ್ತನೆ ತಡೆಯಲೆಂದೇ ಉಳಿದುಬಂದಿದೆ ಎಂದು ನಂಬುವುದು ಕಷ್ಟ. ಇಷ್ಟರಲ್ಲೇ ಬೇರೆ ಸುಳಿವುಗಳೂ ಬಂದಿದ್ದವು. ರೆಟಿನಾಯಿಕ್ ಆಮ್ಲದ ಗ್ರಾಹಕಗಳು, ಈಸ್ಟ್ರೋಜನ್ ಗ್ರಾಹಕ, ಪ್ರತಿಲೇಖನಕ್ಕೆ ನೆರವಾಗುವ ಸಿಬಿಪಿ ಮತ್ತು ಪಿ300 ಪ್ರೋಟೀನುಗಳು, ಇವೆಲ್ಲ ಟಿಡಿಜಿಯೊಡನೆ ಕೂಡಿಕೊಳ್ಳುತ್ತವೆಂಬ ವರದಿಗಳು 1998ರಿಂದಲೇ ಬರತೊಡಗಿದ್ದವು.

ನಿರ್ಣಾಯಕ ತಿರುವು ರಸಾಯನಶಾಸ್ತ್ರದ ಕಡೆಯಿಂದ ಬಂತು. 2009ರಲ್ಲಿ ಅಂಜನಾ ರಾವ್ ಅವರ ತಂಡ, ಟೆಟ್1 ಕಿಣ್ವವು ಮೀಥೈಲ್‌ಸೈಟೋಸಿನ್ನನ್ನು ಹೈಡ್ರಾಕ್ಸಿಮೀಥೈಲ್‌ಸೈಟೋಸಿನ್ ಆಗಿ ಉತ್ಕರ್ಷಿಸುತ್ತದೆಂದು ತೋರಿಸಿತು. ಅದೇ ಪ್ರತ್ಯಾಮ್ಲ ಮೆದುಳಿನ ಪರ್ಕಿಂಜೆ ನರಕೋಶಗಳಲ್ಲಿ ಹೇರಳವಾಗಿದೆಯೆಂದು ಸ್ಕಿರ್ಮಂತಾಸ್ ಕ್ರಿಯೌಚಿಯೊನಿಸ್ ಮತ್ತು ನಥಾನಿಯಲ್ ಹೈಂಟ್ಸ್ ಆ ವರ್ಷವೇ ಪ್ರಕಟಿಸಿದರು. 2011ರಲ್ಲಿ ಯಿ ಝಾಂಗ್ ಮತ್ತು ಗುವೊಲಿಯಾಂಗ್ ಶು ಅವರ ತಂಡಗಳು ಉತ್ಕರ್ಷಣ ಅಲ್ಲಿಗೇ ನಿಲ್ಲದೆ ಫಾರ್ಮೈಲ್ ಮತ್ತು ಕಾರ್ಬಾಕ್ಸಿಲ್ ರೂಪಗಳವರೆಗೆ ಸಾಗುತ್ತದೆಂದು ಕಂಡುಕೊಂಡವು. ಈ ಕೊನೆಯ ಎರಡು ರೂಪಗಳನ್ನು ಟಿಡಿಜಿ ಕಿತ್ತುಹಾಕುತ್ತದೆ ಎಂಬುದನ್ನು ಅದೇ ವರ್ಷ ಅತುಲ್ ಮೈತಿ ಮತ್ತು ಅಲೆಕ್ಸಾಂಡರ್ ಡ್ರೋಹಾಟ್ ಶುದ್ಧ ಕಿಣ್ವದ ಪ್ರಯೋಗಗಳಲ್ಲಿ ಸ್ಥಾಪಿಸಿದರು. ಮೀಥೈಲ್ ರೂಪವನ್ನಾಗಲಿ ಹೈಡ್ರಾಕ್ಸಿಮೀಥೈಲ್ ರೂಪವನ್ನಾಗಲಿ ಅದು ಮುಟ್ಟುವುದಿಲ್ಲ. ಕಾರಣ ಸರಳ: ಫಾರ್ಮೈಲ್, ಕಾರ್ಬಾಕ್ಸಿಲ್ ಗುಂಪುಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆಯುವುದರಿಂದ ಪ್ರತ್ಯಾಮ್ಲಕ್ಕೂ ಸಕ್ಕರೆಗೂ ನಡುವಿನ ಬಂಧ ಮುರಿಯುವುದು ಸುಲಭವಾಗುತ್ತದೆ. ಅಂದರೆ ಟೆಟ್ ಕಿಣ್ವ ಮೀಥೈಲ್ ಗುರುತನ್ನು ಅಳಿಸುವುದಿಲ್ಲ, ಕೀಳಲು ಬರುವಂತೆ ಅದನ್ನು ಹದಗೊಳಿಸುತ್ತದೆ. ಕೀಳುವುದು ಟಿಡಿಜಿ. ಬಳಿಕ ಎಪಿಇ1 ಕಿಣ್ವ ಖಾಲಿ ತಾಣದ ಬಳಿ ಎಳೆಯನ್ನು ತುಂಡರಿಸುತ್ತದೆ, ಪಾಲಿಮರೇಸ್ ಬೀಟಾ ಹೊಸ ಸೈಟೋಸಿನ್ನನ್ನು ಕೂರಿಸುತ್ತದೆ, ಲೈಗೇಸ್ ಬೆಸೆಯುತ್ತದೆ. ಮೀಥೈಲ್ ಇದ್ದ ಜಾಗದಲ್ಲಿ ಈಗ ಬರಿಯ ಸೈಟೋಸಿನ್.

ಜೀವಂತ ಪ್ರಾಣಿಯಲ್ಲಿ ಇದು ಎಷ್ಟು ಮುಖ್ಯವೆಂಬುದಕ್ಕೆ ಇಲಿಗಳೇ ಸಾಕ್ಷಿ. ಯುರಾಸಿಲ್ಲನ್ನೋ ಉತ್ಕರ್ಷಿತ ಗ್ವಾನಿನ್ನನ್ನೋ ತೆಗೆಯುವ ಗ್ಲೈಕೋಸಿಲೇಸ್ ಇಲ್ಲದ ಇಲಿಗಳು ಹುಟ್ಟಿ ಬದುಕುತ್ತವೆ. ಟಿಡಿಜಿ ಇಲ್ಲದ ಇಲಿಭ್ರೂಣ ಹನ್ನೊಂದು ಹನ್ನೆರಡನೆಯ ದಿನದ ಹೊತ್ತಿಗೆ ಸಾಯುತ್ತದೆ. ಪ್ರೀಮೊ ಶೇರ್ ಮತ್ತು ಆಲ್ಫೊನ್ಸೊ ಬೆಲ್ಲಕೋಸ ಅವರ ತಂಡಗಳು 2011ರಲ್ಲಿ ಬೇರೆಬೇರೆಯಾಗಿ ಇದನ್ನು ವರದಿ ಮಾಡಿದವು. ಬೆಳವಣಿಗೆಯನ್ನು ನಡೆಸುವ ವಂಶವಾಹಿಗಳ ಬಳಿ ಮೀಥೈಲೀಕರಣ ತಪ್ಪಾಗಿ ಹೆಚ್ಚಿತ್ತು, ಹಿಸ್ಟೋನ್ ಗುರುತುಗಳ ಸಮತೋಲನ ಕೆಟ್ಟಿತ್ತು. ಟಿಡಿಜಿ ಇಲ್ಲದ ಭ್ರೂಣದ ಕಾಂಡಕೋಶಗಳು ಮಾತ್ರ ತಟ್ಟೆಯಲ್ಲಿ ಬೆಳೆಯುತ್ತಲೇ ಇದ್ದವು. ಅವು ಬೇರೊಂದು ಬಗೆಯ ಕೋಶವಾಗಿ ವಿಭೇದನಗೊಳ್ಳಬೇಕಾದಾಗ ತೊಡಕು ಕಾಣಿಸಿಕೊಂಡಿತು. ಕೇವಲ ದುರಸ್ತಿಯ ಕೊರತೆ ಈ ನಮೂನೆಯಲ್ಲಿ ಪ್ರಕಟವಾಗಬೇಕಿಲ್ಲ.

ಇಲ್ಲೊಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಪಿ300ನಂಥ ಪ್ರೋಟೀನುಗಳನ್ನು ಸರಿಯಾದ ತಾಣಕ್ಕೆ ಕರೆತರುವ ಆಸರೆಯಾಗಿಯಷ್ಟೇ ಟಿಡಿಜಿ ಬೇಕಿದ್ದಿರಬಹುದಲ್ಲವೆ? ಹಾಗಿದ್ದರೆ ಅದರ ಕತ್ತರಿಸುವ ಶಕ್ತಿ ಅಪ್ರಸ್ತುತ. ಬೆಲ್ಲಕೋಸ ತಂಡ ಇದಕ್ಕೆ ನೇರ ಪರೀಕ್ಷೆ ಒಡ್ಡಿತು: ವೇಗವರ್ಧಕ ಕೇಂದ್ರದ ಒಂದು ಅಮೈನೋ ಆಮ್ಲ ಮಾತ್ರ ಬದಲಾಗಿ, ಪ್ರೋಟೀನ್ ಉಳಿದರೂ ಕತ್ತರಿಸಲಾಗದ ಇಲಿಗಳನ್ನು ರೂಪಿಸಿತು. ಆ ಭ್ರೂಣಗಳೂ ಉಳಿಯಲಿಲ್ಲ. ಆಸರೆಯ ಪಾತ್ರವನ್ನು ಇದು ಅಲ್ಲಗಳೆಯುವುದಿಲ್ಲ, ಆದರೆ ಆಸರೆಯೊಂದೇ ಸಾಲದೆಂದು ಖಚಿತಪಡಿಸುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಸಾಹಿತ್ಯದಲ್ಲಿ ಅತಿ ತೂಕದ ಪ್ರಯೋಗ ಇದೇ.

ಕೆಲಸ ನಡೆಯುವ ಜಾಗವೂ ಅದನ್ನೇ ಹೇಳುತ್ತದೆ. ಇಲಿಯ ಭ್ರೂಣದ ಕಾಂಡಕೋಶಗಳಲ್ಲಿ ಹತ್ತು ಲಕ್ಷ ಸೈಟೋಸಿನ್‌ಗಳಿಗೆ ಫಾರ್ಮೈಲ್ ರೂಪ ಸುಮಾರು 20, ಕಾರ್ಬಾಕ್ಸಿಲ್ ರೂಪ ಸುಮಾರು 3 ಮಾತ್ರ. ಟಿಡಿಜಿಯನ್ನು ತೆಗೆದರೆ ಎರಡೂ ಹಲವು ಪಟ್ಟು ಏರುತ್ತವೆ. 2013ರಲ್ಲಿ ಅವುಗಳ ನಕ್ಷೆ ಸಿದ್ಧಪಡಿಸಿದಾಗ ಅವು ಜೀನೋಮಿನುದ್ದಕ್ಕೂ ಸಮನಾಗಿ ಹರಡಿರಲಿಲ್ಲ. ವಂಶವಾಹಿಗಳ ಚಟುವಟಿಕೆಯನ್ನು ದೂರದಿಂದ ಏರಿಸುವ ವರ್ಧಕ ಭಾಗಗಳಲ್ಲಿ ದಟ್ಟೈಸಿದ್ದವು. ನೀರಿನೊಡನೆ ಆಗುವ ಆಕಸ್ಮಿಕ ಹಾನಿ ಹೀಗೆ ಜಾಗ ಆರಿಸುವುದಿಲ್ಲ.

ಸಸ್ಯಗಳು ಇನ್ನೂ ನೇರವಾದ ದಾರಿ ಹಿಡಿದಿವೆ. ಡಿಮೀಟರ್ ಮತ್ತು ಆರ್‌ಓಎಸ್1 ಎಂಬ ಅವುಗಳ ಗ್ಲೈಕೋಸಿಲೇಸ್‌ಗಳು ಉತ್ಕರ್ಷಣದ ಸುತ್ತುದಾರಿಯಿಲ್ಲದೆ ಮೀಥೈಲ್‌ಸೈಟೋಸಿನ್ನನ್ನೇ ಕೀಳುತ್ತವೆ. ಟೊಮೆಟೊದಲ್ಲಿ ಇದೇ ಕುಟುಂಬದ ಕಿಣ್ವವನ್ನು ಕುಗ್ಗಿಸಿದರೆ ಹಣ್ಣು ಮಾಗುವುದಿಲ್ಲ. ಪ್ರಾಣಿ, ಸಸ್ಯ ಎರಡೂ ವಂಶಗಳು ಬೇರೆಬೇರೆ ಕಿಣ್ವಗಳ ಮೂಲಕ ಪ್ರತ್ಯಾಮ್ಲ ಕಿತ್ತು ತುಂಬುವ ಉಪಾಯಕ್ಕೇ ಬಂದಿರುವುದು ಅದರ ಬೆಲೆಗೆ ಸಾಕ್ಷಿ.

ಆದರೆ ಈ ಉಪಾಯದಲ್ಲಿ ಡಿಎನ್ಎಯ ಎಳೆ ತುಂಡಾಗಲೇಬೇಕು. ಸೈಟೋಸಿನ್-ಗ್ವಾನಿನ್ ತಾಣ ಎರಡೂ ಎಳೆಗಳಲ್ಲಿ ಎದುರುಬದುರಾಗಿರುವುದರಿಂದ ಎರಡನ್ನೂ ಒಟ್ಟಿಗೆ ಕಿತ್ತರೆ ಜೋಡಿ ಎಳೆಯೇ ತುಂಡಾಗುವ ಭಯ. ದುರಸ್ತಿ ಒಂದು ಎಳೆಯಲ್ಲಿ ಮುಗಿದ ಬಳಿಕವೇ ಇನ್ನೊಂದಕ್ಕೆ ಹೋಗುತ್ತದೆಂದು ಶೇರ್ ತಂಡ 2016ರಲ್ಲಿ ಪರೀಕ್ಷಾನಳಿಕೆಯಲ್ಲಿ ತೋರಿಸಿತು. ವಿಭಜಿಸದ ನರಕೋಶಗಳಿಗೆ ನಕಲಿನ ಮೂಲಕ ಮೀಥೈಲ್ ಗುರುತನ್ನು ತೆಳುವಾಗಿಸುವ ದಾರಿ ಇಲ್ಲ, ಅಲ್ಲಿ ಕತ್ತರಿಸುವುದು ಅನಿವಾರ್ಯ. ಮಾನವ ನರಕೋಶಗಳ ವರ್ಧಕಗಳಲ್ಲಿ ಏಕ-ಎಳೆ ಮುರಿತಗಳ ದುರಸ್ತಿ ಎಡೆಬಿಡದೆ ನಡೆಯುತ್ತಿರುತ್ತದೆಂದು 2021ರಲ್ಲಿ ಆಂಡ್ರೆ ನುಸೆನ್‌ಸ್ವೈಗ್ ಅವರ ತಂಡ ಕಂಡಿತು. ಆ ಮುರಿತಗಳ ಮೂಲ ಟಿಡಿಜಿಯ ಕತ್ತರಿಸುವಿಕೆ ಎಂದು ಮರುವರ್ಷ ತಿಳಿಸಿತು. ರಕ್ತದ ಕ್ಯಾನ್ಸರಿಗೆ ಕೊಡುವ ಸೈಟಾರಬಿನ್ ಎಂಬ ಸೈಟೋಸಿನ್ ಸದೃಶ ಔಷಧಿ ವಿಭಜಿಸುವ ಕೋಶಗಳಿಗೆ ಮಾರಕವಾಗಬೇಕು, ಆದರೂ ಹೆಚ್ಚಿನ ಪ್ರಮಾಣದಲ್ಲಿ ಕಿರುಮೆದುಳಿಗೂ ಪೆಟ್ಟು ಕೊಡುವುದು ವೈದ್ಯರಿಗೆ ಹಳೆಯ ಸಮಸ್ಯೆ. ಅದೇ ಅಧ್ಯಯನದ ಪ್ರಕಾರ, ಟಿಡಿಜಿ ತೆರೆದ ಜಾಗವನ್ನು ತುಂಬುವಾಗ ಈ ಔಷಧಿ ನರಕೋಶದ ಡಿಎನ್ಎಯೊಳಗೆ ಸೇರಿ ದುರಸ್ತಿಯನ್ನು ಅರ್ಧದಲ್ಲೇ ತಡೆಯುತ್ತದೆ, ಕೋಶ ಸಾಯುತ್ತದೆ. ಟಿಡಿಜಿ ಇಲ್ಲದಿದ್ದರೆ ಆ ಹಾನಿ ತಗ್ಗುತ್ತದೆ. ಚಿಕಿತ್ಸೆಯ ಕಾಲದಲ್ಲಿ ಮೆದುಳಿನ ಟಿಡಿಜಿಯನ್ನಷ್ಟೇ ತಾತ್ಕಾಲಿಕವಾಗಿ ಹತ್ತಿಕ್ಕಿ, ಕ್ಯಾನ್ಸರ್ ಕೋಶಗಳ ಮೇಲಿನ ಔಷಧಿಯ ಹಿಡಿತ ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಇನ್ನು ಪ್ರಾಣಿಗಳಲ್ಲಿ ಪರೀಕ್ಷಿಸಬೇಕು.